21 ದಿನ ಪ್ರಾರ್ಥಿಸಿದೆ, ಉತ್ತರ ಬರಲಿಲ್ಲ; ಲೆಕ್ಕ ತಪ್ಪಿತೇ?

ಪ್ರಶ್ನೆ: "ಸರ, 21 ದಿನದ ಉಪವಾಸ ಪ್ರಾರ್ಥನಾ ಹಿಡದಿದ್ದೆ. ನಡಕ ಒಂದಿನ ಮದುವಿ ಊಟ ಆಯ್ತು. ಅದಕ್ಕೇ ಉತ್ತರ ಬಂದಿಲ್ಲೇನ್ರಿ? ಮತ್ತ ಒಂದರಿಂದ ಸುರು ಮಾಡಬೇಕ?" (ಕಲಬುರಗಿಯಿಂದ ಒಬ್ಬ ಓದುಗರು)

ಬ್ಯಾಡ್ರೀ ಅಕ್ಕಾ. ಹೋಳಿಗೆ ಉಂಡದ್ದಕ್ಕೆ ದೇವರು ಕಡತ ಮುಚ್ಚುವುದಿಲ್ಲ. ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ, ಎಣಿಸುವುದನ್ನೇ ಬಿಟ್ಟಿದ್ದೇನೆ. ನೀವೂ ಎಣಿಕೆ ಬಿಡಿ.

21 ಎಲ್ಲಿಂದ ಬಂತು? ಬೈಬಲಿನ ದಾನಿಯೇಲನ ಗ್ರಂಥದ 10ನೇ ಅಧ್ಯಾಯದಿಂದ. ಆತ ಮೂರು ವಾರ ರುಚಿಯಾದ ಊಟ ಮಾಡಲಿಲ್ಲ, ಮಾಂಸ, ದ್ರಾಕ್ಷಾರಸ ಮುಟ್ಟಲಿಲ್ಲ, ಎಣ್ಣೆ ಹಚ್ಚಿಕೊಳ್ಳಲಿಲ್ಲ. ನಮ್ಮ ಕೂಟಗಳಲ್ಲಿ ಓದು ಇಲ್ಲಿಗೇ ನಿಲ್ಲುತ್ತದೆ. ಅಣ್ಣಗಳಿರಾ, ಇನ್ನೊಂದು ಹಾಳೆ ತಿರುವಿ! 12ನೇ ವಚನದಲ್ಲಿ ದೂತ ಹೇಳುವುದೇನು? ನೀನು ಮನಸ್ಸು ಮಾಡಿದ ಮೊದಲನೇ ದಿನವೇ ನಿನ್ನ ಮಾತು ಕೇಳಿಬಂತು ಅಂತ. 13ರಲ್ಲಿ ತಡವಾದ ಕಾರಣವೂ ಇದೆ: ಪಾರಸಿಯ ಅಧಿಪತಿ 21 ದಿನ ದೂತನನ್ನು ತಡೆದು ನಿಂತಿದ್ದ, ಪ್ರಧಾನ ದೂತ ಮೀಕಾಯೇಲ ನೆರವಿಗೆ ಬಂದ. ಅಂದರೆ 21 ಅನ್ನುವುದು ದೂತ ದಾರಿಯಲ್ಲಿ ಸಿಕ್ಕಿಬಿದ್ದ ದಿನಗಳ ಲೆಕ್ಕ. ಅದನ್ನೇ ನಾವು ದೇವರಿಗೆ ಕಟ್ಟುವ ಕಂತು ಮಾಡಿಕೊಂಡಿದ್ದೇವೆ. ಇಸ್ರಾಯೇಲರು ಯೆರಿಕೋ ಪಟ್ಟಣದ ಗೋಡೆ ಬೀಳಲೆಂದು ಅದರ ಸುತ್ತ 7 ದಿನ ತಿರುಗಿದರಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ದೇವರೇ ಹೇಳಿ ಮಾಡಿಸಿದ್ದು; ನಿಮಗೆ 21 ಅಂತ ಹೇಳಿದವರು ಯಾರು?

ಲೂಕ 18ರಲ್ಲಿ ಯೇಸು ಹೇಳಿದ ವಿಧವೆಯ ಕಥೆಯನ್ನೂ ಹೀಗೇ ಕೆಡಿಸಿದ್ದೇವೆ. ಆಕೆ ನ್ಯಾಯ ಕೇಳಿಕೊಂಡು ಒಬ್ಬ ಅನ್ಯಾಯಗಾರ ನ್ಯಾಯಾಧಿಪತಿಯ ಬಳಿ ಮತ್ತೆ ಮತ್ತೆ ಹೋಗುತ್ತಿದ್ದಳು. ಪಿಂಚಣಿಗಾಗಿ ಕಚೇರಿ ಅಲೆದವರಿಗೆ ಆಕೆಯ ಪಾಡು ಬಿಡಿಸಿ ಹೇಳಬೇಕಿಲ್ಲ. ಆ ನ್ಯಾಯಾಧಿಪತಿಯ ಗ್ರೀಕ್ ಮಾತಿನ ಮೂಲಾರ್ಥ, ಈಕೆ ಕಣ್ಣಿನ ಕೆಳಗೆ ಗುದ್ದಿಯಾಳು ಎಂದು. ಕಾಡಿದಳು, ಆತ ಸೋತ. ಸರಿ. ಆದರೆ ಆತ ದೇವರಲ್ಲ! ಯಾರಿಗೂ ಅಂಜದ ಇಂಥವನೇ ಕೇಳಿದನೆಂದರೆ, ನಿಮ್ಮ ತಂದೆ ಕೇಳದೆ ಇರುತ್ತಾನೆಯೇ ಅನ್ನುವುದು ಯೇಸುವಿನ ಮಾತಿನ ವರಸೆ.

ಹಾಗಾದರೆ ದಿನಾ ಯಾಕೆ ಕೇಳಬೇಕು? ಜೂನಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್ ಹೊತ್ತಿಗೆ ಕೈಗೆ ಬರುತ್ತದೆ. ನಡುವೆ ನೀವು ಹೊಲಕ್ಕೆ ಹೋಗುವುದು ಕಾಯಿಯನ್ನು ಹೆದರಿಸಿ ಬೇಗ ಬಲಿಸಲಿಕ್ಕಲ್ಲ, ಹೊಲ ನಿಮ್ಮದು ಅಂತ. ಪ್ರಾರ್ಥನೆಯೂ ಹಾಗೇ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಈ ಪಾತ್ರೆ ನನ್ನಿಂದ ತಪ್ಪಲಿ ಅಂತ ಯೇಸು ಮೂರನೆಯ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದ. ಆ ಪಾತ್ರೆ, ಅಂದರೆ ಮುಂದಿದ್ದ ಸಂಕಟ, ತಪ್ಪಲಿಲ್ಲ.

ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ: ನಿಲ್ಲಿಸುವುದು ಯಾವಾಗ? ಅಪೊಸ್ತಲ ಪೌಲ, ತಾನೇ ಶರೀರದ ಮುಳ್ಳು ಅಂತ ಕರೆದ ಬಾಧೆ ತೊಲಗಲಿ ಎಂದು ಮೂರು ಸಲ ಬೇಡಿದ, "ನನ್ನ ಕೃಪೆಯೇ ನಿನಗೆ ಸಾಕು" ಅಂತ ಉತ್ತರ ಬಂತು, ಆ ಬೇಡಿಕೆ ಬಿಟ್ಟ. ರಾಜ ದಾವೀದ ಕಾಯಿಲೆ ಬಿದ್ದ ತನ್ನ ಕೂಸಿಗಾಗಿ ಉಪವಾಸವಿದ್ದು ನೆಲದ ಮೇಲೆ ಬಿದ್ದುಕೊಂಡಿದ್ದ. ಏಳನೇ ದಿನ ಕೂಸು ತೀರಿತು. ಆತ ಎದ್ದು ಸ್ನಾನ ಮಾಡಿದ, ಬಟ್ಟೆ ಬದಲಿಸಿದ, ದೇವರ ಆಲಯಕ್ಕೆ ಹೋಗಿ ಅಡ್ಡಬಿದ್ದ. ಮನೆಗೆ ಬಂದು ಊಟ ಬಡಿಸಿರಿ ಅಂದ. ಸೇವಕರು ಕಕ್ಕಾಬಿಕ್ಕಿ. 2 ಸಮುವೇಲ 12ರ ಈ ಭಾಗವನ್ನು ನಮ್ಮ ಉಪವಾಸ ಕೂಟಗಳಲ್ಲಿ ಒಬ್ಬರಾದರೂ ಓದಿದ್ದನ್ನು ನಾನಿನ್ನೂ ಕೇಳಿಲ್ಲ.