ಮತ್ತೆ ಕೆಸರಾಗದ ಮಣ್ಣು

ಒಣಗಿದ ಮಣ್ಣಿನ ಹೆಂಟೆಯನ್ನು ನೀರಿಗೆ ಹಾಕಿದರೆ ಸ್ವಲ್ಪ ಹೊತ್ತಲ್ಲೇ ಕೆಸರು. ಮನೆ ಮುಂದಿನ ಮಣ್ಣಿನ ಕುಂಡ ಮಾತ್ರ ಎಷ್ಟು ಮಳೆಗಾಲ ನೆನೆದರೂ ಕರಗುವುದಿಲ್ಲ. ಅದು ಸುಟ್ಟ ಮಣ್ಣು. ಪಶ್ಚಿಮ ಬಂಗಾಳದ ಬಿಷ್ಣುಪುರದ ಸುಟ್ಟ ಮಣ್ಣಿನ ಗುಡಿಗಳು ಉಳಿದಿರುವುದೂ ಇದೇ ಕಾರಣಕ್ಕೆ.

ಅಲ್ಲಿನ ಮಲ್ಲ ವಂಶದ ರಾಜ ರಘುನಾಥ ಸಿಂಹ 1643ರಲ್ಲಿ ಶ್ಯಾಮರಾಯ ಗುಡಿ ಕಟ್ಟಿಸಿದ, 1655ರಲ್ಲಿ ಜೋಡ್ ಬಾಂಗ್ಲಾ ಗುಡಿ. ಹೊಯ್ಸಳರಿಗೆ ಬೆಣ್ಣೆಯಂಥ ಬಳಪದ ಕಲ್ಲು ಸಿಕ್ಕಿತ್ತು. ಬಿಷ್ಣುಪುರದಲ್ಲಿ ಸಿಕ್ಕಿದ್ದು ನಮ್ಮ ಕರಾವಳಿಯಲ್ಲಿರುವಂಥದೇ ಜಂಬಿಟ್ಟಿಗೆ, ಅಂದ್ರೆ ಮುರಕಲ್ಲು. ಅದರಲ್ಲೂ ಗುಡಿ ಕಟ್ಟಿದ್ದಾರೆ. ಆದರೆ ಮೈತುಂಬ ತೂತಿರುವ ಕಲ್ಲಿನಲ್ಲಿ ಕೃಷ್ಣನ ಬೆರಳು ಕೆತ್ತೋದು ಹೇಗೆ? ಅದಕ್ಕೆ ಜೇಡಿಮಣ್ಣೇ ಬೇಕಾಯಿತು: ಮಣ್ಣಿನ ಫಲಕದಲ್ಲಿ ಚಿತ್ರ ಮೂಡಿಸಿ, ಸುಟ್ಟು, ಗೋಡೆಗೆ ಕೂರಿಸುವುದು.

ಜೇಡಿಯ ಕಣಗಳು ತೆಳ್ಳನೆಯ ಹಾಳೆಗಳಂತೆ. ನಡುವೆ ನೀರಿದ್ದಾಗ ಒಂದರ ಮೇಲೊಂದು ಜಾರುತ್ತವೆ, ಹೇಳಿದ ಹಾಗೆ ಬಾಗುತ್ತವೆ. ಒಣಗಿದಾಗ ಹತ್ತಿರ ಬಂದು ಇಡೀ ಫಲಕ ಕುಗ್ಗುತ್ತದೆ. ಅಂಚು ಬೇಗ, ನಡುಭಾಗ ನಿಧಾನವಾಗಿ ಒಣಗಿದರೆ ಬಿರುಕು ಗ್ಯಾರಂಟಿ. ಹಾಗಾಗಿ ದೊಡ್ಡ ದೃಶ್ಯವನ್ನು ಚಿಕ್ಕ ಚಿಕ್ಕ ಫಲಕಗಳಾಗಿ ಒಡೆದು ಮಾಡುವುದೇ ಜಾಣತನ. ಎಷ್ಟು ಕುಗ್ಗುತ್ತದೆ ಅಂತ ಮೊದಲೇ ಅಂದಾಜು ಮಾಡದಿದ್ದರೆ ಗೋಡೆಯ ಮೇಲೆ ರಥ ಒಂದು ಕಡೆ, ಗಾಲಿ ಇನ್ನೊಂದು ಕಡೆ! ನನಗೆ ಕೆತ್ತನೆಗಿಂತ ಈ ಲೆಕ್ಕಾಚಾರವೇ ಜಾಸ್ತಿ ಬೆರಗು ಹುಟ್ಟಿಸುತ್ತದೆ.

ಆಮೇಲೆ ಆವಿಗೆ, ಅಂದ್ರೆ ಮಣ್ಣು ಸುಡುವ ಗೂಡು. ಒಳಗೆ ಹಸಿ ಉಳಿದಿದ್ದರೆ ನೀರು ಆವಿಯಾಗಿ ಫಲಕವೇ ಸಿಡಿಯುತ್ತದೆ. ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟುವಾಗ ಅಸಲಿ ಬದಲಾವಣೆ. ಜೇಡಿಯ ಹರಳಿನೊಳಗೇ ರಾಸಾಯನಿಕವಾಗಿ ಬೆಸೆದಿದ್ದ ನೀರಿನ ಅಂಶ ಹೊರಟುಹೋಗುತ್ತದೆ, ಹರಳಿನ ಕಟ್ಟಡವೇ ಮುರಿಯುತ್ತದೆ. ಆಮೇಲೆ ಎಷ್ಟು ನೀರು ಸುರಿದರೂ ಹಳೆಯ ಮಣ್ಣಾಗದು. ಇನ್ನೂ ಕಾಯಿಸಿದರೆ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ, ಹೊಗೆಯಲ್ಲಿ ಉಸಿರುಕಟ್ಟಿದರೆ ಕಪ್ಪು.

ಸುಟ್ಟ ಮಣ್ಣಿಗೂ ಶತ್ರು ಇದೆ: ಉಪ್ಪು. ನೆಲದ ತೇವ ಸಣ್ಣ ರಂಧ್ರಗಳ ಮೂಲಕ ಉಪ್ಪನ್ನು ಮೇಲಕ್ಕೆ ಎಳೆದು ತರುತ್ತದೆ. ನೀರು ಆರಿದ ಮೇಲೆ ಉಪ್ಪು ಒಳಗೇ ಹರಳುಗಟ್ಟಿ ಮೇಲ್ಪದರವನ್ನು ಎಬ್ಬಿಸುತ್ತದೆ. ರಿಪೇರಿ ಅಂತ ಸಿಮೆಂಟ್ ಮೆತ್ತಿದರೆ ಇನ್ನೂ ಕಷ್ಟ. ಅದರಲ್ಲಿ ತೇವ ಸುಲಭವಾಗಿ ಹೊರಹೋಗದು, ಪಕ್ಕದ ಮೆತ್ತನೆಯ ಫಲಕದತ್ತ ನುಗ್ಗುತ್ತದೆ. ಹಳಬರು ಬಳಸಿದ್ದು ಸುಣ್ಣದ ಸುರ್ಕಿ ಗಾರೆ. ಸುರ್ಕಿ ಅಂದ್ರೆ ಇಟ್ಟಿಗೆ ಪುಡಿ. ನಮ್ಮ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದೂ ಅದೇ.