ವೈರ್‌ಲೆಸ್ ಚಾರ್ಜಿಂಗ್: ಶಾಖವಾಗಿ ಹೋಗುವ ವಿದ್ಯುತ್ತನ್ನು ಉಳಿಸಬಹುದೇ?

ಪ್ರಶ್ನೆ: ವೈರ್‌ಲೆಸ್ ಚಾರ್ಜರ್ ಮೇಲೆ ಇಟ್ಟರೆ ಫೋನ್ ಬಿಸಿಯಾಗುತ್ತದೆ, ಕೇಬಲ್ ಸಿಕ್ಕಿಸಿದಷ್ಟು ಬೇಗ ಚಾರ್ಜ್ ಕೂಡ ಆಗುವುದಿಲ್ಲ. ಈ ನಷ್ಟವನ್ನು ತಗ್ಗಿಸಲು ದಾರಿಯಿಲ್ಲವೇ?

ಉತ್ತರ: ಇದೆ. ಅದರಲ್ಲಿ ಒಂದು ನಿಮ್ಮ ಕೈಯಲ್ಲೇ ಇದೆ: ಫೋನನ್ನು ಎಲ್ಲಿ ಇಡುತ್ತೀರಿ ಎಂಬುದು.

ಚಾರ್ಜರ್‌ನೊಳಗೆ ತಾಮ್ರದ ಚಪ್ಪಟೆ ಸುರುಳಿಯೊಂದಿದೆ, ಫೋನಿನ ಬೆನ್ನಿನೊಳಗೆ ಇನ್ನೊಂದು. ಮೊದಲನೆಯದರಲ್ಲಿ ಸೆಕೆಂಡಿಗೆ ಲಕ್ಷ ಬಾರಿಯ ಆಸುಪಾಸಿನಲ್ಲಿ ಆವರ್ತಿಸುವ ವಿದ್ಯುತ್ ಹರಿದಾಗ ಕಾಂತಕ್ಷೇತ್ರ ಏಳುತ್ತದೆ, ಬೀಳುತ್ತದೆ. ಅದು ಎರಡನೆಯ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದನ್ನೇ.

ಫೋನ್ ಪಕ್ಕಕ್ಕೆ ಸರಿದರೆ ಈ ಕ್ಷೇತ್ರದ ಸ್ವಲ್ಪ ಪಾಲು ಮಾತ್ರ ಅದರ ಸುರುಳಿಯನ್ನು ಹಾಯುತ್ತದೆ. ಉಳಿದದ್ದು ಗಾಳಿಯಲ್ಲಿ ಕರಗಿಹೋಯಿತು ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ, ಅದರ ಬಹುಪಾಲು ಪ್ರತಿ ಆವರ್ತನೆಯಲ್ಲೂ ಚಾರ್ಜರ್‌ಗೇ ಮರಳುತ್ತದೆ. ಆದರೆ ಎರಡು ಸುರುಳಿಗಳನ್ನು ಬೆಸೆಯುವ ಈ ಕಾಂತೀಯ ಕೊಂಡಿ ಸಡಿಲವಾದಷ್ಟೂ, ಅಷ್ಟೇ ಶಕ್ತಿಯನ್ನು ದಾಟಿಸಲು ಸುರುಳಿಯಲ್ಲಿ ಹೆಚ್ಚು ಕರೆಂಟ್ ಓಡಾಡಬೇಕು. ಕರೆಂಟ್ ಇಮ್ಮಡಿಯಾದರೆ ತಾಮ್ರದಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು! ಜೊತೆಗೆ ದಾರಿ ತಪ್ಪಿದ ಕ್ಷೇತ್ರ ಫೋನಿನ ಲೋಹದ ಭಾಗಗಳನ್ನೂ ಕಾಯಿಸುತ್ತದೆ. ಬ್ಯಾಟರಿಗೆ ಬಿಸಿ ತಟ್ಟಿತೆಂದರೆ ಫೋನ್ ತಾನಾಗಿಯೇ ಚಾರ್ಜಿಂಗ್ ವೇಗ ಇಳಿಸುತ್ತದೆ. ನಿಮ್ಮ ಎರಡೂ ದೂರುಗಳ ಮೂಲ ಒಂದೇ.

ಎಂಜಿನಿಯರುಗಳು ಇಲ್ಲಿ ಎರಡು ಅಂಕಿಗಳನ್ನು ಗುಣಿಸಿ ನೋಡುತ್ತಾರೆ: ಸುರುಳಿಗಳ ನಡುವಿನ ಕೊಂಡಿ ಎಷ್ಟು ಬಿಗಿ, ಮತ್ತು ಸುರುಳಿಗಳು ಎಷ್ಟು ಕಡಿಮೆ ಶಕ್ತಿ ಕಳೆದುಕೊಳ್ಳುತ್ತವೆ. ಗುಣಲಬ್ಧ 10 ಆದರೆ ಸುರುಳಿಯಿಂದ ಸುರುಳಿಗೆ ಹೆಚ್ಚೆಂದರೆ ಶೇ. 82ರಷ್ಟು ಶಕ್ತಿ ದಾಟಬಲ್ಲದು. 100 ಆದರೆ ಶೇ. 98. ಒಂದು ಅಂಕಿ ಸಣ್ಣದಾದರೆ ಇನ್ನೊಂದನ್ನು ಹಿಗ್ಗಿಸಬಹುದು. 2007ರಲ್ಲಿ ಎಂಐಟಿಯ ಸಂಶೋಧಕರು ಎರಡು ಮೀಟರ್ ಆಚೆಯ 60 ವಾಟ್ ಬಲ್ಬನ್ನು ಬೆಳಗಿಸಿದ್ದು ಹೀಗೆಯೇ. ಕೊಂಡಿ ತೀರಾ ಸಡಿಲ, ಆದರೆ ಒಂದೇ ಆವರ್ತನಕ್ಕೆ ಶ್ರುತಿಗೂಡಿಸಿದ ಸುರುಳಿಗಳು ಅತ್ಯುತ್ತಮ. ದಕ್ಷತೆ ಮಾತ್ರ ಸುಮಾರು ಶೇ. 40. ಪ್ರದರ್ಶನಕ್ಕೆ ಬೆರಗು, ದಿನಬಳಕೆಗೆ ದುಬಾರಿ.

ಸುರುಳಿಯನ್ನು ಉತ್ತಮಗೊಳಿಸುವ ಕೆಲಸ ನಾಜೂಕಿನದು. 100 ಕಿಲೊಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದ ಹೊರಗಿನ ಸುಮಾರು 0.2 ಮಿಲಿಮೀಟರ್ ಪದರದಲ್ಲೇ ಹೆಚ್ಚಾಗಿ ಹರಿಯುತ್ತದೆ. ದಪ್ಪ ತಂತಿಯ ಒಡಲು ಬಹುಪಾಲು ವ್ಯರ್ಥ. ಅದಕ್ಕೇ ಕೂದಲೆಳೆಯಂಥ ತಂತಿಗಳಿಗೆ ಒಂದೊಂದಕ್ಕೂ ನಿರೋಧಕ ಲೇಪಿಸಿ, ಹುರಿ ಹೊಸೆದಂತೆ ಹೊಸೆಯುತ್ತಾರೆ. ಇದಕ್ಕೆ ಲಿಟ್ಜ್ ತಂತಿ ಎಂದು ಹೆಸರು. ಸುರುಳಿಯ ಹಿಂದೆ ಇಡುವ ಫೆರೈಟ್ ಎಂಬ ಕಾಂತೀಯ ವಸ್ತುವಿನ ಹಾಳೆ ಕ್ಷೇತ್ರವನ್ನು ಬೇಕಾದತ್ತ ತಿರುಗಿಸುತ್ತದೆ.

ಇಷ್ಟಾದರೂ ಸುರುಳಿ ಸರಪಳಿಯ ಒಂದು ಕೊಂಡಿ ಅಷ್ಟೇ. ಅಡಾಪ್ಟರ್, ಆವರ್ತಿಸುವ ಮಂಡಲ, ಸುರುಳಿ, ಮತ್ತೆ ನೇರ ವಿದ್ಯುತ್ತಾಗಿಸುವ ಮಂಡಲ: ನಾಲ್ಕೂ ಶೇ. 95 ದಕ್ಷವಾಗಿದ್ದರೂ ಕೊನೆಗೆ ಉಳಿಯುವುದು ಶೇ. 81 ಮಾತ್ರ. ಡಯೋಡುಗಳ ಬದಲು ಟ್ರಾನ್ಸಿಸ್ಟರುಗಳನ್ನು ಹಾಕುವುದು, ಸಿಲಿಕಾನ್ ಬದಲು ಗ್ಯಾಲಿಯಂ ನೈಟ್ರೈಡ್ ಬಳಸುವುದು ಇವೆಲ್ಲ ಆ ಚಿಲ್ಲರೆ ನಷ್ಟಗಳನ್ನು ತಗ್ಗಿಸುವ ಯತ್ನಗಳು.

2023ರಲ್ಲಿ ಬಂದ, ವೈರ್‌ಲೆಸ್ ಚಾರ್ಜಿಂಗ್‌ನ ಚೀ2 (Qi2) ಮಾನದಂಡ ಸುರುಳಿಯ ಸುತ್ತ ಆಯಸ್ಕಾಂತಗಳ ಬಳೆ ಇಟ್ಟು ಫೋನನ್ನು ತಾನೇ ಸರಿಯಾದ ಜಾಗಕ್ಕೆ ಎಳೆದುಕೊಳ್ಳುವಂತೆ ಮಾಡಿತು. ನನ್ನದು ಆಯಸ್ಕಾಂತವಿಲ್ಲದ ಹಳೆಯ ಚಾರ್ಜರ್. ಒಂದು ಬೆರಳಗಲ ಸರಿದ ಫೋನ್ ಬೆಳಗ್ಗೆ ಬೆಚ್ಚಗಿದ್ದು, ಬ್ಯಾಟರಿ ಅರ್ಧವೂ ತುಂಬಿರದಿದ್ದುದನ್ನು ಕಂಡ ಮೇಲೆ ದಪ್ಪ ಕವರ್ ತೆಗೆದೆ. ಅಂಚು ಎಲ್ಲಿಗೆ ಬರಬೇಕೆಂದು ಮೇಜಿನ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದೇನೆ.