ಇಂಜೆಕ್ಷನ್ ಮಾಡಿಸಿಕೊಂಡರೆ ಹೊಟ್ಟೆ ಉಳಿಯುತ್ತಾ?

ಮೇ ತಿಂಗಳ ಒಂದು ಮಧ್ಯಾಹ್ನ ದಾವಣಗೆರೆ ಎಪಿಎಂಸಿಯಲ್ಲಿ ಭತ್ತದ ಚೀಲ ಹೊರುವ ಹಮಾಲರೊಬ್ಬರು ಬಂದರು. ಸೊಂಟ ಹಿಡಿದಿತ್ತು. "ಗುಳಿಗೆ ಬ್ಯಾಡ್ರಿ ಸಾರ್, ಹೊಟ್ಟೆ ಉರಿತತಿ. ಒಂದು ಇಂಜೆಕ್ಷನ್ ಮಾಡಿಬಿಡ್ರಿ" ಅಂದರು.

ಈ ಮಾತನ್ನು ನಾನು ತುಂಬಾ ಸಲ ಕೇಳಿದ್ದೇನೆ. ಬಾಯಿಂದ ಹೋಗದಿದ್ದರೆ ಹೊಟ್ಟೆಗೆ ಏನೂ ಆಗಲ್ಲ ಅನ್ನೋ ನಂಬಿಕೆ. ಅದು ತಪ್ಪು.

ನೋವಿಗೆ ಗುಳಿಗೆಯಾಗಿಯೂ ಇಂಜೆಕ್ಷನ್ ಆಗಿಯೂ ಕೊಡುವ ಡೈಕ್ಲೋಫೆನಾಕ್ ವಿಷಯವನ್ನೇ ಹೇಳುತ್ತೇನೆ. ಸಾಮಾನ್ಯವಾಗಿ ಸಿಗುವ ಗುಳಿಗೆಯ ಮೇಲೆ ಒಂದು ಲೇಪ ಇರುತ್ತದೆ. ಅದು ಹೊಟ್ಟೆಯಲ್ಲಿ ಕರಗಲ್ಲ, ಕರುಳಿಗೆ ಹೋದ ಮೇಲೆ ಕರಗುತ್ತದೆ. ಅದಕ್ಕೇ ಪುಡಿ ಮಾಡಿ ನುಂಗಬಾರದು. ಕರುಳಿನಿಂದ ಹೊರಟ ಔಷಧಿ ಮೊದಲು ಲಿವರ್ ದಾಟಬೇಕು. ಹೆಚ್ಚುಕಡಿಮೆ ಅರ್ಧ ಅಲ್ಲೇ ಕಳೆದುಹೋಗುತ್ತದೆ. ಉಳಿದದ್ದು ರಕ್ತಕ್ಕೆ ಸೇರಿ ಮೈಯೆಲ್ಲಾ ಸುತ್ತುತ್ತದೆ. ನೋವು ಸೊಂಟದಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ.

ರಕ್ತದಲ್ಲಿ ಅದರ ಪ್ರಮಾಣ ಎರಡು ಗಂಟೆಯೊಳಗೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಬಾತ ಕೀಲಿನ ನೀರಿಗೆ ನಿಧಾನವಾಗಿ ಇಳಿದದ್ದು ಅಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ದಿನಕ್ಕೆ ಎರಡೇ ಗುಳಿಗೆ ಸಾಕಾಗುವುದಕ್ಕೆ ಇದೂ ಒಂದು ಕಾರಣ. ಗಂಟೆಯಲ್ಲಿ ನೋವು ಹೋಗಲಿಲ್ಲ ಅಂತ ಸುಮ್ನೆ ಇನ್ನೊಂದು ನುಂಗಬೇಡಿ.

ನೋವು, ಬಾವು ಬರಿಸುವುದರಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತುವಿನ ಪಾತ್ರ ದೊಡ್ಡದು. ಡೈಕ್ಲೋಫೆನಾಕ್ ಅದು ತಯಾರಾಗದಂತೆ ತಡೆಯುತ್ತದೆ. ಆದರೆ ಹೊಟ್ಟೆಯ ಒಳಗೋಡೆಯನ್ನು ಆಮ್ಲದಿಂದ ಕಾಯುವ ಲೋಳೆಗೂ ಅದೇ ವಸ್ತು ಬೇಕು. ಸೊಂಟಕ್ಕೆ ಚುಚ್ಚಿಸಿಕೊಂಡರೂ ಔಷಧಿ ರಕ್ತದ ಮೂಲಕ ಹೊಟ್ಟೆಯ ಗೋಡೆ ತಲುಪುತ್ತದೆ, ಕಾವಲು ತೆಗೆಯುತ್ತದೆ. ಟಾರಿನಂತೆ ಕಪ್ಪಗೆ ಮಲ ಹೋದರೆ ಒಳಗೆ ರಕ್ತ ಸೋರುತ್ತಿರಬಹುದು. ಆಗ ಒಂದು ದಿನವೂ ಕಾಯಬಾರದು.

ನನಗೆ ಇದಕ್ಕಿಂತ ಜಾಸ್ತಿ ಭಯ ಕಿಡ್ನಿಯದು. ಭದ್ರಾ ನಾಲೆಯಲ್ಲಿ ನೀರು ಇಳಿದಾಗ ಗದ್ದೆಗೆ ಬಿಡುವ ತೂಬನ್ನು ಪೂರ್ತಿ ಎತ್ತಬೇಕಾಗುತ್ತದೆ ಅಲ್ವಾ? ಬಿಸಿಲಲ್ಲಿ ಬೆವರಿ ಮೈಯ ನೀರು ಕಡಿಮೆಯಾದಾಗ, ಕಿಡ್ನಿಗೆ ರಕ್ತ ಬರುವ ತೂಬನ್ನು ಹಾಗೆ ಎತ್ತಿ ಹಿಡಿಯುವುದು ಇದೇ ಪ್ರೊಸ್ಟಗ್ಲಾಂಡಿನ್. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ನುಂಗಿದರೆ ತೂಬು ಇಳಿಯುತ್ತದೆ.

"ಬಿಪಿ ಗುಳಿಗೆ ಏನಾದ್ರೂ ತಗೊಳ್ತೀರಾ?" ಅಂತ ಕೇಳಿದೆ. ಜೇಬಿನಿಂದ ಗುಳಿಗೆ ಹಾಳೆ ತೆಗೆದು ಕೊಟ್ಟರು. ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಜಾಸ್ತಿ ಮಾಡಿಸುವ ಔಷಧಿ. ಬಿಪಿಗೆ ಎರಡೂ ಒಳ್ಳೆಯವೇ. ಆದರೆ ಒಂದು ಕಿಡ್ನಿಯ ಹೊರದಾರಿಯನ್ನು ಅಗಲ ಮಾಡಿ ಒಳಗಿನ ಒತ್ತಡ ಇಳಿಸುತ್ತದೆ, ಇನ್ನೊಂದು ಮೈಯ ನೀರನ್ನೇ ಹೊರಗೆ ಕಳಿಸುತ್ತದೆ. ಮೇಲೆ ಡೈಕ್ಲೋಫೆನಾಕ್ ಸೇರಿದರೆ ಕಿಡ್ನಿ ಸೋಲಬಹುದು.

ಇಂಜೆಕ್ಷನ್ ಕೊಡಲಿಲ್ಲ. ಪ್ಯಾರಸಿಟಮಾಲ್ ಬರೆದೆ, ಶಾಖ ಕೊಡಿ ಅಂದೆ, ಬಿಪಿ ಗುಳಿಗೆ ಬಿಡಬೇಡಿ ಅಂತಲೂ ಹೇಳಿದೆ. ಮೂರು ದಿನ ಚೀಲ ಹೊರಬೇಡಿ ಅಂದಾಗ ಅವರ ಮುಖ ಸಣ್ಣದಾಯಿತು. ಮೂರು ದಿನದ ಕೂಲಿ ಹೋಗುತ್ತದೆ. ಆ ನೋವಿಗೆ ನನ್ನ ಹತ್ತಿರ ಗುಳಿಗೆ ಇರಲಿಲ್ಲ.